ಹುಣಸೂರು ರಸ್ತೆಯ ಎರಡು ಎಂಜಿನ್‌ಗಳು

ಮೋಟಾರು ಬರುವ ಎಷ್ಟೋ ಮೊದಲೇ ಹುಣಸೂರಿಗೆ ಚಕ್ರದ ಕಸುಬು ಗೊತ್ತಿತ್ತು. 19ನೇ ಶತಮಾನದಲ್ಲಿ ಮದ್ರಾಸ್ ಸೈನ್ಯದ ಸರಬರಾಜು ವಿಭಾಗ ಇಲ್ಲಿ ಬಂಡಿ ಮಾಡಿಸುತ್ತಿತ್ತು, ಚರ್ಮ ಹದಮಾಡಿಸುತ್ತಿತ್ತು; ಅಮೃತಮಹಲ್ ಎತ್ತುಗಳ ಸಾಕಣೆಗೂ ಇದೇ ನೆಲೆ. ಬಂಡಿ ಇದ್ದಲ್ಲಿ ಕೀಲೆಣ್ಣೆ ಇರಲೇಬೇಕು. ಆ ಕೆಲಸಕ್ಕೆ ರೈತರು ಬಳಸುತ್ತಿದ್ದ ಹರಳೆಣ್ಣೆ ಮುಂದೆ ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್‌ಗೂ ಹೋಯಿತು. ಬಿಸಿಗೆ ಜಗ್ಗದೆ ಲೋಹಕ್ಕೆ ಅಂಟಿಕೊಳ್ಳುವ ಗುಣದಲ್ಲಿ ಅದಕ್ಕೆ ಸಾಟಿಯಿರಲಿಲ್ಲ.

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಗೆ ಹೊರಡುವ ರಸ್ತೆಗಳಲ್ಲಿ ಸ್ವಾತಂತ್ರ್ಯಾನಂತರ ಎರಡು ಎಂಜಿನ್‌ಗಳು ದಶಕಗಳ ಕಾಲ ಓಡಿದವು. ಒಂದು ಜಾವಾ ಬೈಕಿನದು, ಇನ್ನೊಂದು ಅಂಬಾಸಿಡರ್ ಕಾರಿನದು. ಎಣ್ಣೆಯ ವಿಷಯದಲ್ಲಿ ಎರಡರದ್ದೂ ಪೂರ್ತಿ ಬೇರೆ ಬೇರೆ ಜಾತಿ. ಒಂದಕ್ಕೆ ಔಷಧಿಯಾದದ್ದು ಇನ್ನೊಂದಕ್ಕೆ ವಿಷ.

ಜಾವಾ ಮೈಸೂರಿನ ಮನೆಮಗು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ಕೆಲಸ ಆರಂಭಿಸಿದ್ದು 1961ರಲ್ಲಿ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದ್ದರು. ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ತಯಾರಾದ 250 ಸಿಸಿ ಬೈಕು 70ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಹೊತ್ತಿತು. ಕಿಕ್ ಹೊಡೆಯುವ ಕಡ್ಡಿಯೇ ಗೇರು ಹಾಕುವ ಕಡ್ಡಿಯೂ ಆಗುವ ಆ ಚಮತ್ಕಾರ ಇಂದಿಗೂ ಹುಡುಗರನ್ನು ಬೆರಗುಗೊಳಿಸುತ್ತದೆ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಹೊಲದ ದಾರಿಗಳಲ್ಲಿ ಓಡುತ್ತಲೇ ಇದ್ದವು.

ಜಾವಾದ್ದು ಟೂ-ಸ್ಟ್ರೋಕ್ ಎಂಜಿನ್. ಎಂಜಿನ್ ಆಯಿಲ್ ತುಂಬಿಡುವ ತೊಟ್ಟಿಯೇ ಅದರ ಹೊಟ್ಟೆಯಲ್ಲಿಲ್ಲ. ಕ್ರ್ಯಾಂಕ್‌ಕೇಸಿನೊಳಕ್ಕೆ ಮೊದಲು ಪೆಟ್ರೋಲ್, ಗಾಳಿ, ಎಣ್ಣೆ ಮೂರೂ ಸೇರಿದ ಆವಿ ಬರುತ್ತದೆ. ಪಿಸ್ಟನ್ ಇಳಿದಾಗ ಅದು ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಏರುತ್ತದೆ. ಅದಕ್ಕೇ ಬಂಕಿನಲ್ಲಿ ಪೆಟ್ರೋಲಿನ ಜೊತೆ ಟೂ-ಟಿ ಆಯಿಲ್ ಅಳೆದು ಹಾಕಿಸುವ ಪದ್ಧತಿ. ಹಳೆ ಜಾವಾಗಳಿಗೆ ಲೀಟರಿಗೆ 40 ಮಿ.ಲೀ., ಅಂದರೆ 25ಕ್ಕೆ 1 ಪಾಲು. ಕಡಿಮೆಯಾದರೆ ಪಿಸ್ಟನ್ ಹಿಡಿಯುತ್ತದೆ, ಹೆಚ್ಚಾದರೆ ಪ್ಲಗ್ ಕಪ್ಪಾಗಿ ಸೈಲೆನ್ಸರ್ ಕಾರ್ಬನ್ ಕಟ್ಟುತ್ತದೆ. ದುಬಾರಿ ಕಾರಿನ ಆಯಿಲ್ ಒಳ್ಳೆಯದೆಂದು ಟ್ಯಾಂಕಿಗೆ ಸುರಿದರೂ ಕೆಡುಕೇ, ಅದರಲ್ಲಿರುವ ಲೋಹದ ಅಂಶಗಳು ಉರಿದು ಬೂದಿಯಾಗಿ ಉಳಿಯುತ್ತವೆ. 1999ರಿಂದ ದೇಶದಲ್ಲಿ ಕಡಿಮೆ ಹೊಗೆಯ ಟೂ-ಟಿ ಆಯಿಲ್ ಕಡ್ಡಾಯವಾದ ಮೇಲೆ ಹಳೆ ಗಾಡಿಗಳ ಹೊಗೆ ಸ್ವಲ್ಪ ತಗ್ಗಿತು.

ಸರಿಯಾಗಿ ಅಳೆದು ಹಾಕಿಯೂ ಯೆಜ್ಡಿ ಹಿಂದೆ ಬೆಳ್ಳಗೆ ದಟ್ಟ ಹೊಗೆ ಎದ್ದರೆ ಏನು ಮಾಡಬೇಕು? ಮೊದಲು ಗೇರ್‌ಬಾಕ್ಸ್ ಆಯಿಲ್ ಮಟ್ಟ ನೋಡಬೇಕು. ಅದು ದಿನೇ ದಿನೇ ಇಳಿಯುತ್ತಿದ್ದರೆ ಕ್ಲಚ್ ಬದಿಯ ಆಯಿಲ್ ಸೀಲ್ ಸವೆದಿದೆ, ಕ್ರ್ಯಾಂಕ್‌ಕೇಸ್ ಗೇರಿನ ಎಣ್ಣೆಯನ್ನು ಒಳಕ್ಕೆ ಹೀರುತ್ತಿದೆ ಎಂದೇ ಅರ್ಥ. ಡೈನಮೋ ಬದಿಯ ಸೀಲ್ ಹೋದರೆ ಲಕ್ಷಣವೇ ಬೇರೆ. ಆಗ ಹೊಗೆ ಕಾಣುವುದಿಲ್ಲ, ಒಳಗೆ ಬರೀ ಗಾಳಿ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಅರಚುತ್ತದೆ, ಬಿಸಿಯೇರುತ್ತದೆ, ಕೊನೆಗೆ ಸೀಜ್ ಆಗುತ್ತದೆ. ಹೊಗೆಯಿಲ್ಲದ ಈ ಕಾಯಿಲೆಯೇ ಹೆಚ್ಚು ಅಪಾಯಕಾರಿ.

ಅಂಬಾಸಿಡರಿಗೆ ಬಂದರೆ ಕಥೆ ಇಂಗ್ಲೆಂಡಿಗೆ ಹೋಗುತ್ತದೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂಬ 1489 ಸಿಸಿ ಎಂಜಿನ್ 1955ರಲ್ಲಿ ಎಂ.ಜಿ.ಎ. ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ಕೂತಿತು. ಅದೇ ಎಂಜಿನ್ ಕೆಲವೇ ವರ್ಷಗಳಲ್ಲಿ ಅಂಬಾಸಿಡರಿಗೂ ಬಂತು. ಒಂದರಲ್ಲಿ ಎರಡು ಕಾರ್ಬ್ಯುರೇಟರ್, ಇನ್ನೊಂದರಲ್ಲಿ ಒಂದು ಎಂಬಂಥ ವ್ಯತ್ಯಾಸ ಬಿಟ್ಟರೆ ಮೂಲ ಒಂದೇ. ಲಂಡನ್ನಿನಲ್ಲಿ ಎಂ.ಜಿ.ಎ. ಸಾಕಿದವನ ತಲೆನೋವೂ ಪಿರಿಯಾಪಟ್ಟಣದ ಟ್ಯಾಕ್ಸಿ ಚಾಲಕನ ತಲೆನೋವೂ ಒಂದೇ ಆಗಿತ್ತು.

ಆ ತಲೆನೋವಿನ ಮೂಲ ಹಬೆ. ಸಿಲಿಂಡರಿನಲ್ಲಿ ಉರಿದ ಅನಿಲ ಸ್ವಲ್ಪವಾದರೂ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುತ್ತದೆ. ಹಳೆಯ ಬಿ-ಸೀರೀಸ್‌ನಲ್ಲಿ ಅದನ್ನು ಪಕ್ಕದ ಒಂದು ಉಸಿರುಕೊಳವೆ ನೆಲದತ್ತ ಬಿಟ್ಟುಬಿಡುತ್ತಿತ್ತು. ಅದನ್ನು ಮತ್ತೆ ಎಂಜಿನ್‌ಗೇ ಎಳೆದು ಸುಡುವ ವಾಲ್ವ್ ಅಮೆರಿಕದಲ್ಲಿ ಮೊದಲು ರೂಢಿಗೆ ಬಂದದ್ದು 60ರ ದಶಕದಲ್ಲಿ. ಹಳೆ ಎಂಜಿನ್ನಿನ ಕ್ರ್ಯಾಂಕಿನ ಹಿಂತುದಿಯಲ್ಲಿ ರಬ್ಬರ್ ಸೀಲ್ ಕೂಡ ಇರಲಿಲ್ಲ. ಕ್ರ್ಯಾಂಕಿನ ಜೊತೆ ತಿರುಗುವ ತಿರುಪಿನ ಮರೆಯೊಂದೇ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಉಸಿರುಕೊಳವೆ ಕಟ್ಟಿದರೆ ಒಳಗೆ ಒತ್ತಡ ಏರಿ ಎಣ್ಣೆ ಅಲ್ಲಿಂದಲೇ ಸೋರುತ್ತಿತ್ತು. ಇದನ್ನು ತಿಳಿಯದೆ ಎಷ್ಟೋ ಜನ ಸುಮ್ಮನೆ ಎಂಜಿನ್ ಬಿಚ್ಚಿಸಿ ದುಡ್ಡು ಕಳೆದುಕೊಂಡರು.

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ತುಂಬುವ ಮುಚ್ಚಳ ತೆಗೆದು ನೋಡಿದರೆ ತೆಳುವಾದ ಹಬೆ ಸಹಜ. ಪುಸುಪುಸು ಎಂದು ಒತ್ತಿ ಬಂದರೆ ಕೊಳವೆ ಕಟ್ಟಿದೆ ಇಲ್ಲವೇ ರಿಂಗ್ ಸವೆದಿದೆ. ಸವೆತವೇ ಎಂದು ಖಚಿತಪಡಿಸಿಕೊಳ್ಳಲು ಪ್ಲಗ್ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಕಂಪ್ರೆಷನ್ ಅಳೆಯಬೇಕು. ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದರ ಕಂಡರೆ ನೀರು ಸೇರಿದೆ. ಸಣ್ಣ ಸಣ್ಣ ಓಡಾಟದ ಗಾಡಿಯಾಗಿದ್ದರೆ ಹೆದರಬೇಕಿಲ್ಲ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು.

ಎಣ್ಣೆಯ ಆಯ್ಕೆಯಲ್ಲಿ ಹೊಸದೇ ಶ್ರೇಷ್ಠ ಎಂಬ ನಂಬಿಕೆ ಹಳೆ ಗಾಡಿಗಳಿಗೆ ಸಲ್ಲದು. ಇಂದಿನ ತೆಳು ಸಿಂಥೆಟಿಕ್ ಆಯಿಲ್ ಸವೆದ ಬೇರಿಂಗಿನಲ್ಲಿ ಒತ್ತಡ ಹಿಡಿಯದು, ಹಳೆ ಜಾಯಿಂಟುಗಳಲ್ಲಿ ಜಿನುಗುತ್ತದೆ. ಕ್ಯಾಮ್ ಮತ್ತು ಟ್ಯಾಪೆಟ್ ಉಜ್ಜಾಡುವ ಬಿ-ಸೀರೀಸ್‌ಗೆ ಸತು ಮತ್ತು ರಂಜಕದ ರಕ್ಷಣೆ ಬೇಕು. ಹೊಸ ಕಾರುಗಳ ಕೆಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು ತೆಳು ಗ್ರೇಡುಗಳಲ್ಲಿ ಅದನ್ನು ಇಳಿಸಲಾಗಿದೆ. ಆದ್ದರಿಂದ ಅಂಬಾಸಿಡರಿಗೆ ಸಾಧಾರಣ ಮಿನರಲ್ 20ಡಬ್ಲ್ಯು-50 ಆಯಿಲ್ಲೇ ಸರಿ.

ಅಪ್ಪನ ಕಾಲದ ಯೆಜ್ಡಿಯನ್ನೋ ಅಂಬಾಸಿಡರನ್ನೋ ಕೊಟ್ಟಿಗೆಯಲ್ಲಿ ಉಳಿಸಿಕೊಂಡವರಿಗೆ ಒಂದು ಮನವಿ: ಎಂಜಿನ್ ಬಿಚ್ಚಿಸುವ ಮೊದಲು ಕಾರಿನ ಉಸಿರುಕೊಳವೆ ಬಿಚ್ಚಿ ತೊಳೆಯಿರಿ, ಬೈಕಿನ ಸೀಲ್ ನೋಡಿಸಿ. ತೆಗೆದ ಕರಿ ಆಯಿಲ್ ಚರಂಡಿಗೆ ಚೆಲ್ಲಬೇಡಿ, ಹುಣಸೂರಿನಲ್ಲಿ ಅದು ಲಕ್ಷ್ಮಣತೀರ್ಥ ನದಿಗೆ ಹೋಗಿ ಸೇರುತ್ತದೆ.