ಹಿತ್ತಾಳೆ ಫಿಲ್ಟರು ಮತ್ತು ಎರಡನೆಯ ಡಿಕಾಕ್ಷನ್

ಹೊರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ತಮ್ಮ ವಿದ್ಯುತ್ ಕಾಫಿ ಯಂತ್ರಗಳ ಗುಣಗಾನ ಮಾಡುವುದುಂಟು. ಹನಿಹನಿಯಾಗಿ ಕಾಫಿ ಇಳಿಸುವ ಕ್ರಮ ನಮ್ಮ ಅಡುಗೆಮನೆಗಳಿಗೆ ಹೊಸದಲ್ಲವಾದ್ದರಿಂದ, ನಮ್ಮ ಫಿಲ್ಟರಿನ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ಭಾವಿಸಿದ್ದೇನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಕಾಫಿ ಬೆಳೆಯುವ ಸೀಮೆಯಲ್ಲ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ತಳೆದ ಈ ಪ್ರದೇಶ ರಾಗಿ, ರೇಷ್ಮೆ, ಮಾವುಗಳ ಬಯಲುಸೀಮೆ. ಇಲ್ಲಿಯ ರೈತನ ಬೆಳಗಿನ ಪಾನೀಯ ಅಂಬಲಿ, ಮಜ್ಜಿಗೆ. ಬಾಬಾಬುಡನ್ ಅವರು 17ನೆಯ ಶತಮಾನದಲ್ಲಿ ಯೆಮನ್ನಿನಿಂದ ಏಳು ಬೀಜಗಳನ್ನು ಚಿಕ್ಕಮಗಳೂರಿನ ಗಿರಿಗೆ ತಂದರೆಂಬುದು ಐತಿಹ್ಯ. ಆದರೆ ಮಲೆನಾಡಿನ ಬೆಳೆಯ ಬಹುಭಾಗ ಬಹುಕಾಲ ಹಡಗು ಹತ್ತಿ ಯೂರೋಪಿಗೆ ಹೋಗುತ್ತಿತ್ತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಬೆಲೆ ಕುಸಿದಾಗ, ನಮ್ಮ ಜನರಿಗೇ ಕಾಫಿ ಕುಡಿಸುವ ಪ್ರಯತ್ನ ಮೊದಲಾಯಿತು. 1935ರ ಕಾಯಿದೆಯಿಂದ ಹುಟ್ಟಿದ ಕಾಫಿ ಸೆಸ್ ಸಮಿತಿ ಕಾಫಿ ಹೌಸುಗಳನ್ನು ತೆರೆಯಿತು. ಯುದ್ಧದಿಂದ ರಫ್ತು ಕಡಿದುಬಿದ್ದ ಮೇಲೆ, 1942ರ ಕಾಯಿದೆಯ ಮೂಲಕ ಕಾಫಿ ಮಂಡಳಿ ಬಲಗೊಂಡಿತು. ನಾವು ಪುರಾತನವೆಂದು ತಿಳಿದಿರುವ ಈ ಅಭ್ಯಾಸ ಹಲವು ಮನೆಗಳಲ್ಲಿ ಎರಡು ಮೂರು ತಲೆಮಾರಿನದಷ್ಟೇ.

ಫಿಲ್ಟರಿನ ರಚನೆ ಸರಳ. ಒಂದರ ಮೇಲೊಂದು ಕೂರುವ ಎರಡು ಪಾತ್ರೆಗಳು, ಮೇಲಿನದರ ತಳದಲ್ಲಿ ಸಣ್ಣ ತೂತುಗಳು, ಪುಡಿಯನ್ನು ಒತ್ತಿ ಹಿಡಿಯಲು ಕಡ್ಡಿಯುಳ್ಳ ಬಿಲ್ಲೆ, ಮೇಲೊಂದು ಮುಚ್ಚಳ. ಹಿತ್ತಾಳೆಯದಾದರೆ ಒಳಗೆ ಕಲಾಯಿ ಬೇಕಿತ್ತು. ಸ್ಟೀಲು ಬಂದು ಆ ತೊಂದರೆ ತಪ್ಪಿತು. ಪುಡಿ ತೀರ ನುಣುಪಾದರೆ ತೂತು ಕಟ್ಟುತ್ತದೆ, ತೀರ ದಪ್ಪವಾದರೆ ನೀರು ರುಚಿ ಹೀರದೆ ಇಳಿದುಬಿಡುತ್ತದೆ. ಎರಡು ಪಾತ್ರೆಗಳು ಬಿಗಿಯಾಗಿ ಕೂತರೆ ಕೆಳಗಿನ ಗಾಳಿ ಹೊರಹೋಗಲಾರದೆ ಡಿಕಾಕ್ಷನ್ ನಿಂತುಹೋಗುತ್ತದೆ. ಆಗ ಮೇಲಿನದನ್ನು ತುಸು ಸಡಿಲಿಸಬೇಕು. ಚಿಕೋರಿ ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ. ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕಿಂತ ಕಡಿಮೆ ಇರಕೂಡದೆಂಬುದು ನಿಯಮ.

ಜರ್ಮನಿಯಲ್ಲಿ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ 1908ರಲ್ಲಿ ಕಾಗದದ ಸೋಸುಕಕ್ಕೆ ಹಕ್ಕುಪತ್ರ ಪಡೆದಳು. ಅದೇ ದೇಶದಲ್ಲಿ 1954ರಲ್ಲಿ ವಿಗೊಮಾಟ್ ಎಂಬ ವಿದ್ಯುತ್ ಯಂತ್ರ ಬಂದಿತು. ಅವು ಇಳಿಸುವುದು ಹಾಗೆಯೇ ಕುಡಿಯುವ ತಿಳಿ ಕಾಫಿಯನ್ನು. ನಮ್ಮದು ಹಾಲಿಗೆ ಬೆರೆಸಲೆಂದೇ ಇಳಿಸಿದ ಗಟ್ಟಿ ಸಾರ. ಆದ್ದರಿಂದ ಒಂದು ಮತ್ತೊಂದರ ಸ್ಥಾನವನ್ನು ತುಂಬಲಾರದು.

ಇನ್ನು ಚರಿತ್ರೆಯ ಪುಸ್ತಕಗಳು ಹೇಳದ ಒಂದು ಸಂಗತಿ. ನಮ್ಮ ಕಡೆಯ ಹಳ್ಳಿಯ ಮನೆಗಳಲ್ಲಿ ಪುಡಿಯನ್ನು ಬೆಲ್ಲದೊಡನೆ ಕುದಿಸಿ, ಬಟ್ಟೆಯಲ್ಲಿ ಸೋಸುತ್ತಿದ್ದರು. ಒಂದೇ ಪಾತ್ರೆ, ಎಲ್ಲರಿಗೂ ಒಂದೇ ರುಚಿ. ಫಿಲ್ಟರು ಮನೆಗೆ ಬಂದಾಗ ಅಂತಸ್ತಿನೊಡನೆ ಭೇದವೂ ಬಂದಿತು. ಮೊದಲ ಡಿಕಾಕ್ಷನ್ ಯಜಮಾನರಿಗೆ, ನೆಂಟರಿಗೆ. ಅದೇ ಪುಡಿಗೆ ಮತ್ತೆ ನೀರು ಹುಯ್ದು ಇಳಿಸಿದ ಎರಡನೆಯದು ಹೆಂಗಸರಿಗೆ, ಕೆಲಸದವರಿಗೆ. ಕೋಳಿ ಕೂಗುವ ಮುನ್ನ ಎದ್ದು ಒಲೆ ಹೊತ್ತಿಸುತ್ತಿದ್ದ ನನ್ನ ತಾಯಿಯ ಲೋಟಕ್ಕೆ ಬೀಳುತ್ತಿದ್ದುದು ಆ ಎರಡನೆಯದೇ. ಹಾಗೆಂದು ಯಾರೂ ಆಜ್ಞೆ ಮಾಡಿರಲಿಲ್ಲ. ಆಕೆ ದೂರಿದ್ದೂ ಇಲ್ಲ. ಆಜ್ಞೆಯಿಲ್ಲದೆ ನಡೆಯುವ ಅನ್ಯಾಯ ಬಹುಕಾಲ ಬಾಳುತ್ತದೆ.

ನನ್ನ ಮಡದಿ ಮನೆಗೆ ಬಂದ ಮೇಲೆ ಒಂದನೆಯದನ್ನೂ ಎರಡನೆಯದನ್ನೂ ಒಂದೇ ಪಾತ್ರೆಯಲ್ಲಿ ಬೆರೆಸತೊಡಗಿದಳು. ಕಾಫಿ ಕೊಂಚ ತೆಳುವಾಯಿತೆಂದು ನನ್ನ ತಂದೆ ಕೆಲವು ದಿನ ಗೊಣಗಿ, ಅನಂತರ ಅದಕ್ಕೇ ಒಗ್ಗಿಕೊಂಡರು. ಒಳ್ಳೆಯ ಫಿಲ್ಟರು ಯಾವುದೆಂದು ಕೇಳುವ ಶಿಷ್ಯರಿಗೆ ನಾನು ಹೇಳುವುದಿಷ್ಟೆ: ತಳ ಗಟ್ಟಿಯಾಗಿರಲಿ, ತೂತುಗಳು ಸಮವಾಗಿರಲಿ, ಮತ್ತು ಮನೆಮಂದಿಗೆಲ್ಲ ಮೊದಲನೆಯದೇ ಸಾಲುವಷ್ಟು ದೊಡ್ಡದಿರಲಿ.