ಇಲಿ ಬಿದ್ದ ಸುದ್ದಿ

ಇಂದು ಕೆಟ್ಟ ಸುದ್ದಿ ಅಂಗೈಯಲ್ಲಿರುವ ದೂರವಾಣಿಗೆ ಬಂದು ಮುಟ್ಟುತ್ತದೆ. ನನ್ನ ಅಜ್ಜಿಯ ಬಾಲ್ಯದಲ್ಲಿ ಅದು ಸೂರಿನಿಂದ ಬೀಳುತ್ತಿತ್ತು. ಹೆಂಚಿನ ಸಂದಿಯಿಂದ ಇಲಿಯೊಂದು ಸತ್ತು ನಡುಮನೆಗೆ ಬಿದ್ದರೆ ಸಾಕು. ‘ಇಲಿ ಬಿತ್ತು’ ಎಂಬ ಎರಡು ಮಾತು ಸಂಜೆಯೊಳಗೆ ಊರನ್ನೆಲ್ಲ ಸುತ್ತಿಬರುತ್ತಿತ್ತು. ಆ ಎರಡು ಮಾತಿನ ಅರ್ಥ ಪ್ಲೇಗು. ಕೆಟ್ಟ ಸುದ್ದಿಗೆ ಹೆದರದೆ ದೇವರನ್ನು ನಂಬಿ ಬಾಳುವುದೆಂದರೇನು ಎಂದು ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ಶಾಸ್ತ್ರಗ್ರಂಥಗಳಲ್ಲ, ಆ ಇಲಿ.

ಅಜ್ಜಿಯ ತವರು ಆನೇಕಲ್ ತಾಲ್ಲೂಕಿನ ಹೆಬ್ಬಗೋಡಿಯ ಕಡೆಯದು. ಈಗ ಅಲ್ಲಿ ಕಾರ್ಖಾನೆಗಳ ಸಾಲು, ಔಷಧಗಳನ್ನು ತಯಾರಿಸುವ ದೊಡ್ಡ ಸಂಸ್ಥೆ, 2025ರ ಆಗಸ್ಟಿನಿಂದ ನೆತ್ತಿಯ ಮೇಲೆ ಓಡುತ್ತಿರುವ ಮೆಟ್ರೊ ರೈಲು. ಅಂದು ಅದು ರಾಗಿ, ಹುರುಳಿ ಬೆಳೆಯುವ ಹಳ್ಳಿಗಾಡು. ಬೆಂಗಳೂರಿಗೂ ಹೊಸೂರಿಗೂ ನಡುವಣ ರಸ್ತೆ ಹತ್ತಿರದಲ್ಲೇ ಹಾದುಹೋಗುತ್ತಿದ್ದುದರಿಂದ ಸರಕಿನ ಗಾಡಿಗಳ ಜೊತೆಗೆ ಸುದ್ದಿಯೂ ಬರುತ್ತಿತ್ತು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿ ಧಾರವಾಡಗಳನ್ನು ಹೊಕ್ಕು, 1898ರ ಆಗಸ್ಟಿನಲ್ಲಿ ರೈಲಿನ ದಾರಿ ಹಿಡಿದು ಬೆಂಗಳೂರಿಗೆ ಬಂದಿತು. ಶೇಷಾದ್ರಿ ಅಯ್ಯರ್ ಅವರು ಆಗ ಮೈಸೂರಿನ ದಿವಾನರು. ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಲಾಯಿತು. ರೈಲು ನಿಲ್ದಾಣಗಳಲ್ಲಿ ತಪಾಸಣೆ, ಮನೆಮನೆಯ ಶೋಧನೆ, ರೋಗಿಗಳನ್ನೂ ಅವರ ಮನೆಯವರನ್ನೂ ಊರಾಚೆಯ ಶಿಬಿರಗಳಿಗೆ ಸಾಗಿಸುವುದು ಮೊದಲಾದ ಕ್ರಮಗಳು ಜಾರಿಗೆ ಬಂದವು.

ಇಲ್ಲಿ ಒಂದು ವಿಪರೀತ ನಡೆಯಿತು. ಜನ ರೋಗಕ್ಕಿಂತ ಹೆಚ್ಚಾಗಿ ಸುದ್ದಿಗೆ ಹೆದರಿದರು. ಶಿಬಿರಕ್ಕೆ ಹೋದವರು ಹಿಂದಿರುಗುವುದಿಲ್ಲವೆಂಬ ವದಂತಿ ಹಬ್ಬಿತು. ಜ್ವರ ಬಂದವರನ್ನು ಕೋಣೆಯಲ್ಲಿ ಬಚ್ಚಿಟ್ಟರು. ಸತ್ತವರನ್ನು ಕದ್ದುಮುಚ್ಚಿ ಮಣ್ಣುಮಾಡಿದರು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗಿನ ನಿಯಮಗಳನ್ನು ವಿರೋಧಿಸಿ ಗಲಭೆಯೇ ಎದ್ದಿತು. ಅಧಿಕಾರಿಗಳ ನಡವಳಿಕೆಯಲ್ಲಿ ಒರಟುತನವಿದ್ದುದು ನಿಜ. ಬಡವನ ಗುಡಿಸಲಿಗೆ ಆ ಒರಟುತನ ಮೊದಲು ತಗುಲಿದುದೂ ನಿಜ. ಆದರೆ ಬಚ್ಚಿಟ್ಟ ಸುದ್ದಿ ಬಚ್ಚಿಟ್ಟವರ ಮನೆಯನ್ನೇ ಮೊದಲು ತಿಂದಿತು.

ಹಳ್ಳಿಗಳಲ್ಲಿ ಇನ್ನೊಂದು ದಾರಿಯೂ ಇತ್ತು. ಇಲಿ ಬಿದ್ದೊಡನೆ ಊರು ಬಿಡುವುದು. ಹೊಲದಲ್ಲಿ ಸೋಗೆಯ, ಬೊಂಬಿನ ಜೋಪಡಿ ಕಟ್ಟಿಕೊಂಡು, ಬಿಸಿಲು ಬಲಿತು ರೋಗ ಇಳಿಯುವತನಕ ಅಲ್ಲಿಯೇ ಸಂಸಾರ. ಅದು ಕುರುಡು ನಂಬಿಕೆಯಲ್ಲ. ಸತ್ತ ಇಲಿಯ ಮೈಮೇಲಿನ ಚಿಗಟ ರೋಗವನ್ನು ದಾಟಿಸುತ್ತದೆಂದು ಫ್ರೆಂಚ್ ವೈದ್ಯ ಸಿಮೋಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದುದು ಅದೇ 1898ರಲ್ಲಿ. ವಿದ್ವಾಂಸರು ಅದನ್ನು ಒಪ್ಪುವುದಕ್ಕೆ ಮತ್ತೆ ಕೆಲವು ವರ್ಷಗಳೇ ಬೇಕಾದವು. ಚಿಗಟದ ಸಂಗತಿ ತಿಳಿಯದ ರೈತನಿಗೂ ಇಲಿ ಸತ್ತ ಮನೆಯಲ್ಲಿ ಮಲಗಬಾರದೆಂಬಷ್ಟು ತಿಳಿದಿತ್ತು.

ಊರು ಬಿಡುವಾಗ ಅಜ್ಜಿಯ ತಾಯಿ ಮೊದಲು ಕಟ್ಟಿಕೊಳ್ಳುತ್ತಿದ್ದುದು ರಾಗಿಯ ಮೂಟೆ; ಎರಡನೆಯದು ದೇವರ ದೀಪ. ‘ದೇವರನ್ನು ನಂಬಿದ ಮೇಲೆ ಊರೇಕೆ ಬಿಡಬೇಕು?’ ಎಂದು ನಾನು ಎಳೆತನದಲ್ಲಿ ಒಮ್ಮೆ ಕೇಳಿದ್ದೆ. ‘ಕಾಲು ಕೊಟ್ಟವನೂ ಅವನೇ ಅಲ್ಲವೆ?’ ಎಂದಳು ಅಜ್ಜಿ.

ಇಷ್ಟಕ್ಕೇ ಈ ಕಥೆ ಮುಗಿದಿದ್ದರೆ ನಾನು ಇದನ್ನು ಹೇಳುತ್ತಿರಲಿಲ್ಲ. ಒಂದು ಸಲ ಜೋಪಡಿಗೆ ಹೋದ ಮೂರನೆಯ ದಿನ ಅಜ್ಜಿಯ ತಮ್ಮನಿಗೆ ಜ್ವರ ಬಂದಿತು, ಗಡ್ಡೆ ಎದ್ದಿತು. ಐದು ವರ್ಷದ ಹುಡುಗ. ಊರು ಬಿಟ್ಟದ್ದೂ ಅವನನ್ನು ಉಳಿಸಲಿಲ್ಲ, ದೀಪವೂ ಉಳಿಸಲಿಲ್ಲ. ಆ ಸಂಜೆ ತಾಯಿ ದೀಪ ಹಚ್ಚಿದಳೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಬಹಳ ಕಾಲ ಬರಲಿಲ್ಲ. ಕೊನೆಗೆ ಕೇಳಿದೆ. ‘ಹಚ್ಚಿದಳು. ಮಿಕ್ಕ ಮಕ್ಕಳಿಗೆ ಕತ್ತಲಾಗುತ್ತಿತ್ತಲ್ಲ’ ಎಂದಳು.

ನಂಬಿಕೆಯೆಂದರೆ ಕೆಟ್ಟದ್ದು ಬಾರದೆಂಬ ಕರಾರುಪತ್ರವೆಂದು ತಿಳಿದವರು ಮೊದಲ ಸಾವಿಗೇ ಅದನ್ನು ಹರಿದೆಸೆಯುತ್ತಾರೆ. ನಮ್ಮ ಹಿರಿಯರಲ್ಲಿ ಅನೇಕರು ಹಾಗೆ ತಿಳಿಯಲಿಲ್ಲ. ಅವರು ಆ ಮಹಾಮಾರಿಯನ್ನೇ ಅಮ್ಮನೆಂದು ಕರೆದರು. ಪ್ಲೇಗಮ್ಮನ ಹೆಸರಿನ ಗುಡಿಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ. ಇದನ್ನು ಮೌಢ್ಯವೆಂದು ನಕ್ಕುಬಿಡುವುದು ಸುಲಭ. ಆದರೆ ಹೆಸರಿಲ್ಲದ ಭಯದೆದುರು ಮನುಷ್ಯ ಓಡಬಲ್ಲನೇ ಹೊರತು ಮಾತನಾಡಲಾರ. ಅಮ್ಮನೆಂದು ಕರೆದಮೇಲೆ ಬೇಡಿಕೊಳ್ಳಬಹುದು, ಜಗಳವಾಡಬಹುದು, ಅಳಲೂಬಹುದು. ಭಯಕ್ಕೆ ಒಂದು ಮುಖ ಸಿಕ್ಕಿದಾಗ ಕೈಗಳಿಗೆ ಮತ್ತೆ ಕೆಲಸ ಮಾಡುವ ಶಕ್ತಿ ಬರುತ್ತದೆ. ಹೆಬ್ಬಗೋಡಿಗೆ ಅನತಿದೂರದ ಹುಸ್ಕೂರಿನಲ್ಲಿ ಮದ್ದೂರಮ್ಮನ ಜಾತ್ರೆಗೆ ಸುತ್ತಣ ಹಳ್ಳಿಗಳವರು ನೂರು ಅಡಿಗೂ ಮೀರಿದ ತೇರುಗಳನ್ನು ಎಳೆದು ತರುವುದನ್ನು ನೋಡಿದಾಗ, ಊರೂರೇ ಒಟ್ಟಿಗೆ ತಾಯ ಬಾಗಿಲಿಗೆ ಹೋಗುವ ಆ ಹಳೆಯ ಅಭ್ಯಾಸ ನನಗೆ ಅದರಲ್ಲಿ ಕಾಣುತ್ತದೆ.

2020ರ ಮಾರ್ಚಿನಲ್ಲಿ ಹೊಸೂರು ರಸ್ತೆ ಬರಿದಾದಾಗ ನಾನು ಮತ್ತೆ ಅವೇ ಮೂರು ಬಗೆಯ ಜನರನ್ನು ಕಂಡೆ: ಸುದ್ದಿಯನ್ನು ಬಚ್ಚಿಟ್ಟವರು, ಬಂದ ವದಂತಿಗಳನ್ನೆಲ್ಲ ನಂಬಿ ನಿದ್ದೆಗೆಟ್ಟವರು, ಸುದ್ದಿ ಕೇಳಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ನೆರೆಮನೆಗೆ ಅಕ್ಕಿ ಹೊತ್ತವರು. ಮೂರನೆಯವರಲ್ಲಿ ಕೆಲವರು ದೇವರ ಹೆಸರು ಹೇಳಿದರು, ಕೆಲವರು ಹೇಳಲಿಲ್ಲ. ದೇವರು ಯಾರ ಪಕ್ಕದಲ್ಲಿದ್ದನೆಂಬ ವಿಷಯದಲ್ಲಿ ನನಗೆ ಸಂದೇಹವಿಲ್ಲ.

ಅಜ್ಜಿಯ ಕೊನೆಗಾಲದಲ್ಲಿ ಕೆಟ್ಟ ಸುದ್ದಿ ತಂತಿಯ ರೂಪದಲ್ಲಿ ಬರುತ್ತಿತ್ತು. ತಂತಿಯವನು ಬಾಗಿಲಿಗೆ ಬಂದರೆ, ಒಡೆಯುವ ಮೊದಲೇ ಅಳು ಏಳುತ್ತಿದ್ದ ಕಾಲ ಅದು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಲಕೋಟೆಯನ್ನು ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ ದೀಪ ಹಚ್ಚಿ, ಸೆರಗು ಸರಿಮಾಡಿಕೊಂಡು ಬಂದು ಎದುರಿಗೆ ಕೂರುತ್ತಿದ್ದಳು. ಆಮೇಲೆ ಹೇಳುತ್ತಿದ್ದಳು:

‘ಈಗ ಓದು.’