ಒಂದು ಸೀದಾ, ಒಂದು ಉಲ್ಟಾ

ಕಳೆದ ವರ್ಷ ಚಿಕ್ಕಮಗಳೂರಿನ ನಮ್ಮ ಹಳೆಯ ಮನೆಯನ್ನು ಖಾಲಿ ಮಾಡಿ ತಾಯಿಯವರನ್ನು ಬೆಂಗಳೂರಿಗೆ ಕರೆತರುವ ಕಾಲ ಬಂದಿತು. ಪಾತ್ರೆ ಪಡಗ, ಹಾಸಿಗೆ ದಿಂಬು, ದೇವರ ಪೆಟ್ಟಿಗೆ ಇವುಗಳ ವಿಷಯದಲ್ಲಿ ನಮ್ಮಿಬ್ಬರಿಗೂ ಯಾವ ಭಿನ್ನಾಭಿಪ್ರಾಯವೂ ಬರಲಿಲ್ಲ. ಜಗಳ ಹುಟ್ಟಿದುದು ಮಂಚದ ಕೆಳಗಿದ್ದ ಒಂದು ತಗಡಿನ ಟ್ರಂಕಿನ ದೆಸೆಯಿಂದ. ಮುಚ್ಚಳ ತೆರೆದರೆ ಬೇವಿನೆಲೆಯ ವಾಸನೆ. ಒಳಗೆಲ್ಲ ಉಣ್ಣೆಯ ನೂಲು! ಕೆಂಪು, ಹಳದಿ, ಪಾಚಿಹಸುರು, ಬೂದು. ಕೆಲವು ಅಂಗಡಿಯಿಂದ ಬಂದಾಗ ಹೇಗಿದ್ದವೋ ಹಾಗೆಯೇ ಇದ್ದ ಲಡಿಗಳು. ಕೆಲವು ನಿಂಬೆಹಣ್ಣಿನ ಗಾತ್ರಕ್ಕೆ ಇಳಿದ ಉಂಡೆಗಳು. ಎಣಿಸಿದೆ. 62 ಇದ್ದವು.

“ಇಷ್ಟೊಂದು ನೂಲು ಯಾವ ಜನ್ಮಕ್ಕಮ್ಮಾ?” ಎಂದೆ.

“ನಿನ್ನ ಕಪಾಟಿನಲ್ಲಿರೋ ಪುಸ್ತಕವೆಲ್ಲಾ ಓದಿ ಮುಗಿಸಿದ್ದೀಯೇನೋ?” ಎಂದರು.

ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಕನ್ನಡ ಬೋಧಿಸುತ್ತಿರುವ ನನಗೆ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಟ್ರಂಕು ಲಾರಿ ಹತ್ತಿತು.

ಟ್ರಂಕಿನ ತಳದಲ್ಲಿ ಎರಡು ವಸ್ತುಗಳಿದ್ದವು. ಒಂದು, ರಕ್ಷಾಪುಟ ಕಳೆದುಕೊಂಡ, ದಾರದಿಂದ ಹೊಲಿದ ಇಂಗ್ಲಿಷ್ ಹೆಣಿಗೆಯ ಪುಸ್ತಕ. ಇನ್ನೊಂದು, ಹಳೆಯ ಸೀರೆಯ ತುಂಡಿನಲ್ಲಿ ಕಡ್ಡಿಗಳ ಸಮೇತ ಸುತ್ತಿಟ್ಟಿದ್ದ ಒಂದು ಅರ್ಧ ಸ್ವೆಟರು. ಬೂದು ಬಣ್ಣದ್ದು, ನಮ್ಮ ತಂದೆಯವರಿಗೆಂದು ಆರಂಭಿಸಿದ್ದು. ಅವರು ತೀರಿಕೊಂಡು ಆಗಲೇ ಹನ್ನೊಂದು ವರ್ಷವಾಗಿತ್ತು. ಆ ಗಂಟನ್ನು ನಾನು ಮತ್ತೆ ಹಾಗೆಯೇ ಸುತ್ತಿಟ್ಟೆ. ಪುಸ್ತಕವನ್ನು ಮಾತ್ರ ಕೈಗೆತ್ತಿಕೊಂಡೆ.

ಪುಟ ತಿರುವಿದರೆ, ಅಕ್ಷರಗಳೆಲ್ಲ ಇಂಗ್ಲಿಷಿನವೇ. ಆದರೆ ಭಾಷೆ ಯಾವುದೆಂದು ತಿಳಿಯದು. ‘ಕೆ 2, ಪಿ 2’ ಎಂದು ಮೊದಲಾಗಿ, ಅಲ್ಲಲ್ಲಿ ನಕ್ಷತ್ರಚಿಹ್ನೆ ಇಟ್ಟು, ಸಾಲಿಗೆ ಸಾಲು ಹೀಗೆಯೇ ಸಾಗಿತ್ತು. ಹಳಗನ್ನಡದ ಹಸ್ತಪ್ರತಿಗಳೊಡನೆ ಗುದ್ದಾಡಿದ ನನಗೆ ಇದರ ಒಂದು ಸಾಲೂ ಬಗೆಹರಿಯಲಿಲ್ಲ. ತಾಯಿಯವರು ಇಂಗ್ಲಿಷಿನಲ್ಲಿ ಒಂದು ಪತ್ರವನ್ನು ಸಲೀಸಾಗಿ ಓದಬಲ್ಲವರಲ್ಲ. ಆದರೂ ಈ ಪುಟವನ್ನು ಕನ್ನಡಕವೇರಿಸಿ ಸರಸರನೆ ಓದಿಬಿಟ್ಟರು. “ಕೆ ಅಂದರೆ ಸೀದಾ, ಪಿ ಅಂದರೆ ಉಲ್ಟಾ. ನಕ್ಷತ್ರ ಇರೋ ಕಡೆಯಿಂದ ಮತ್ತೆ ಮೊದಲಿಂದ ಹೆಣೆಯೋದು.” “ಇಷ್ಟೇನಾ?” ಎಂದೆ. “ಇಷ್ಟೇ. ಮಿಕ್ಕಿದ್ದೆಲ್ಲಾ ಎಣಿಕೆ.”

ಇದನ್ನು ಕೇಳಿದೊಡನೆ ನನಗೆ ತರಗತಿಯ ಕರಿಹಲಗೆ ನೆನಪಾಯಿತು. ಅಲ್ಲಿ ನಾನು ಪ್ರತಿ ವರ್ಷವೂ ಗುರು ಲಘುಗಳ ಚಿಹ್ನೆ ಹಾಕಿ ಗಣವಿಭಾಗ ಮಾಡಿ ತೋರಿಸುತ್ತೇನೆ. ಹತ್ತನೆಯ ಶತಮಾನದಲ್ಲಿ ನಾಗವರ್ಮನು ‘ಛಂದೋಂಬುಧಿ’ಯನ್ನು ಬರೆದಂದಿನಿಂದಲೂ ಕನ್ನಡದಲ್ಲಿ ಈ ವಿದ್ಯೆ ನಡೆದುಬಂದಿದೆ. ಎರಡೇ ಚಿಹ್ನೆ, ಅವುಗಳ ಜೋಡಣೆಯಿಂದ ಹುಟ್ಟುವ ವೃತ್ತಗಳಿಗೆ ಲೆಕ್ಕವಿಲ್ಲ. ಹೆಣಿಗೆಯೂ ಹಾಗೆಯೇ. ಅಷ್ಟೇ ಅಲ್ಲ, ಸೀದಾ ಉಲ್ಟಾ ಎಂಬುವು ಕೂಡ ಎರಡು ಬೇರೆ ಕುಣಿಕೆಗಳಲ್ಲ. ಒಂದೇ ಕುಣಿಕೆಯ ಎರಡು ಮುಖಗಳು. ಈ ಬದಿಯಿಂದ ಸೀದಾ ಆಗಿ ಕಂಡದ್ದು ಬಟ್ಟೆ ತಿರುಗಿಸಿದರೆ ಉಲ್ಟಾ. ಹಾಗಾದರೆ ಈ ಛಂದಸ್ಸಿಗೆ ನಾಗವರ್ಮ ಯಾರು? ಕೈಗೆ ಮಾತ್ರ ತಿಳಿದಿದ್ದ ವಿದ್ಯೆಯನ್ನು ಅಕ್ಷರಕ್ಕೆ ಇಳಿಸಿದವರು ಯಾರು? ಅಂದಿನಿಂದ ಬಿಡುವಾದಾಗಲೆಲ್ಲ ನಾನು ಹೆಣಿಗೆಯ ಇತಿಹಾಸವನ್ನು ಹುಡುಕಿ ಓದತೊಡಗಿದೆ.

ನೇಯ್ಗೆಯ ಮುಂದೆ ಹೆಣಿಗೆ ಇನ್ನೂ ಹಸುಗೂಸು. ಕಡ್ಡಿಗಳಿಂದ ಹೆಣೆದುದೆಂದು ನಿಸ್ಸಂದೇಹವಾಗಿ ಹೇಳಬಹುದಾದ ವಸ್ತುಗಳಲ್ಲಿ ಅತ್ಯಂತ ಹಳೆಯವು ಈಜಿಪ್ಟಿನಲ್ಲಿ ದೊರೆತ ಹತ್ತಿನೂಲಿನ ಕಾಲುಚೀಲಗಳು ಮತ್ತು ಚಿಂದಿಗಳು. ನೀಲಿ ಬಿಳಿ ಬಣ್ಣಗಳಲ್ಲಿ ಚಿತ್ತಾರ ತುಂಬಿದ ಇವು 11ರಿಂದ 14ನೆಯ ಶತಮಾನದವರೆಗಿನ ಅವಧಿಗೆ ಸೇರಿದುವು. ಅಷ್ಟು ಅಂದವಾದ ಚಿತ್ತಾರವು ಹೊಸಬರ ಕೈಯಿಂದ ಬರುವಂಥದಲ್ಲ. ಅದರ ಹಿಂದೆ ಹಲವು ತಲೆಮಾರುಗಳ ಪಳಗಿಕೆ ಇದ್ದಿರಬೇಕು. ಆದರೆ ಆ ತಲೆಮಾರುಗಳ ಕೆಲಸವೆಲ್ಲ ಎಲ್ಲಿ ಹೋಯಿತು? ಕಾಲುಚೀಲವೆಂಬುದು ಸವೆಯಲೆಂದೇ ಹುಟ್ಟಿದ ವಸ್ತು. ಸವೆಯದೆ ಉಳಿದುದನ್ನು ಬಿಚ್ಚಿ ಮತ್ತೊಂದು ಹೆಣೆಯುತ್ತಾರೆ. ಶಾಸನ ಬರೆಸಿದವನ ಹೆಸರು ಕಲ್ಲಿನಲ್ಲಿ ನಿಲ್ಲುತ್ತದೆ. ಹೆಣೆದವಳ ಕೆಲಸ ಮೊಮ್ಮಗನ ಮಂಡಿಯ ಹತ್ತಿರ ತೂತಾಗುತ್ತದೆ.

ಯೂರೋಪಿನಲ್ಲಿ ಈ ವಿದ್ಯೆಗೆ ಚಿತ್ರದ ಸಾಕ್ಷಿಯಿದೆ. ಜರ್ಮನಿಯ ಹ್ಯಾಂಬರ್ಗ್ ನಗರದ ಕಲಾಶಾಲೆಯಲ್ಲಿ ಸುಮಾರು 1400ರ ಕಾಲದ ಒಂದು ಚಿತ್ರವುಂಟು. ಮಾಸ್ಟರ್ ಬರ್ಟ್ರಾಮ್ ಎಂಬ ಕಲಾವಿದನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿ ಮೇರಿ ಮಾತೆಯು ಕುಳಿತು ನಾಲ್ಕು ಕಡ್ಡಿಗಳಿಂದ ಮಗುವಿನ ಅಂಗಿಯ ಕೊರಳನ್ನು ಹೆಣೆಯುತ್ತಿದ್ದಾಳೆ. ಮುಂದೆ ಯೂರೋಪಿನ ಹಲವು ಪಟ್ಟಣಗಳಲ್ಲಿ ಹೆಣಿಗೆಯವರ ವೃತ್ತಿಸಂಘಗಳು ಏರ್ಪಟ್ಟವು. ಅವುಗಳಲ್ಲಿ ಗಂಡಸರದೇ ಪ್ರಾಬಲ್ಯ. ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿ, ಕೊನೆಗೆ ಪರೀಕ್ಷೆಯೆಂಬಂತೆ ಒಂದು ದೊಡ್ಡ ಚಿತ್ತಾರದ ಹಾಸನ್ನು ಹೆಣೆದು ತೋರಿಸಿದವನೇ ಗುರು. ಅಲ್ಲಿಯೂ ವಿದ್ಯೆ ಕಣ್ಣಿನಿಂದ ಕೈಗೆ ಹೋಗುತ್ತಿದ್ದಿತೇ ಹೊರತು ಪುಸ್ತಕದಿಂದಲ್ಲ.

ಇಂಗ್ಲೆಂಡಿನಲ್ಲಿ ಅಚ್ಚಾದ ಹೆಣಿಗೆಯ ಮೊದಲ ವಿವರಣೆ ಸಿಕ್ಕುವುದು 1655ರಲ್ಲಿ, ಒಂದು ಔಷಧಗ್ರಂಥದಲ್ಲಿ! ‘ನಾಟೂರಾ ಎಕ್ಸೆಂಟರಾಟಾ’ ಎಂಬ ಆ ಪುಸ್ತಕದಲ್ಲಿ ಕಷಾಯ ಲೇಹ್ಯಗಳ ನಡುವೆ ಕಾಲುಚೀಲ ಹೆಣೆಯುವ ಕ್ರಮವೂ ಸೇರಿಕೊಂಡಿದೆ. ಚಿಹ್ನೆಯಿಲ್ಲ, ಚಿತ್ರವಿಲ್ಲ, ಒಂದೇ ಉಸಿರಿನ ಗದ್ಯ. ಹೆಣೆಯಲು ಬಲ್ಲವರಿಗೇ ಅದು ಕಗ್ಗಂಟು. ಬಾರದವರ ಪಾಡು ಹೇಳಬೇಕಾದುದಿಲ್ಲ.

ಇದಕ್ಕೂ ಮೊದಲೇ, 1589ರಲ್ಲಿ, ನಾಟಿಂಗ್‌ಹ್ಯಾಮ್ ಸೀಮೆಯ ವಿಲಿಯಂ ಲೀ ಎಂಬಾತನು ಹೆಣೆಯುವ ಯಂತ್ರವನ್ನು ಕಂಡುಹಿಡಿದಿದ್ದನು. ಬಡ ಹೆಣಿಗೆಗಾರರ ಅನ್ನಕ್ಕೆ ಸಂಚಕಾರ ಬರುವುದೆಂದು ಒಂದನೆಯ ಎಲಿಜಬೆತ್ ರಾಣಿ ಅವನಿಗೆ ಸನ್ನದು ಕೊಡಲಿಲ್ಲವೆಂದು ಪ್ರತೀತಿ. ರಾಣಿ ತಡೆದರೂ ಕಾಲ ತಡೆಯಲಿಲ್ಲ. ಮುಂದಿನ ಶತಮಾನಗಳಲ್ಲಿ ಯಂತ್ರವೇ ಗೆದ್ದಿತು. ಕೈಹೆಣಿಗೆಯು ಒಂದು ಕಡೆ ಬಡವರ ಮನೆಯಲ್ಲಿ ಅರೆಹೊಟ್ಟೆಯ ಕಸುಬಾಗಿ ಉಳಿಯಿತು. ಇನ್ನೊಂದು ಕಡೆ ಅನುಕೂಲಸ್ಥ ಹೆಂಗಸರ ಹವ್ಯಾಸವಾಯಿತು. ಪುಸ್ತಕ ಹುಟ್ಟಿದುದು ಈ ಎರಡನೆಯ ಮನೆಯಲ್ಲಿ.

ನಾನು ಹುಡುಕುತ್ತಿದ್ದ ನಾಗವರ್ಮನ ಸಾಲಿಗೆ ಸೇರಬಹುದಾದ ವ್ಯಕ್ತಿ ಸಿಕ್ಕಿದ್ದು ಸ್ಕಾಟ್‌ಲೆಂಡಿನ ಎಡಿನ್‌ಬರೊ ನಗರದ ಒಂದು ಅಂಗಡಿಯಲ್ಲಿ. ಜೇನ್ ಗಾಗೈನ್ ಎಂಬಾಕೆ ಗಂಡನೊಡನೆ ಅಲ್ಲಿ ನೂಲು ಮತ್ತು ಕಸೂತಿ ಸಾಮಾನುಗಳ ವ್ಯಾಪಾರ ನಡೆಸುತ್ತಿದ್ದಳು. ಗಿರಾಕಿಗಳಿಗೆ ಹೆಣಿಗೆ ಹೇಳಿಕೊಡುತ್ತಿದ್ದ ಆಕೆ 1840ರಲ್ಲಿ ‘ದಿ ಲೇಡೀಸ್ ಅಸಿಸ್ಟೆಂಟ್’ ಎಂಬ ಪುಸ್ತಕವನ್ನು ಪ್ರಕಟಿಸಿದಳು. ಆಗ ಇಂಥ ಪುಸ್ತಕಗಳು ಒಂದೊಂದಾಗಿ ಬರತೊಡಗಿದ್ದವು. 1843ರಲ್ಲಿ ಫ್ರಾನ್ಸಿಸ್ ಲ್ಯಾಂಬರ್ಟ್ ಎಂಬಾಕೆಯ ‘ಮೈ ನಿಟಿಂಗ್ ಬುಕ್’ ಬಂದಿತು. ಗಾಗೈನಳ ಹೆಚ್ಚುಗಾರಿಕೆಯೆಂದರೆ ಅವಳು ಕುಣಿಕೆಗಳನ್ನು ಅಕ್ಷರಗಳಿಂದ ಸೂಚಿಸಿದುದು. ಆದರೆ ಅವಳ ಲಿಪಿಯಲ್ಲಿ ‘ಪಿ’ ಎಂದರೆ ಸೀದಾ. ಇಂದಿನ ಪುಸ್ತಕಗಳಲ್ಲಿ ‘ಪಿ’ ಎಂದರೆ ಉಲ್ಟಾ! ಇಂದಿನ ಅರ್ಥದಿಂದ ಅವಳ ಪುಟವನ್ನು ಓದಿ ಹೆಣೆದರೆ ಚಿತ್ತಾರ ಕೆಟ್ಟಿತೆಂದೇ ತಿಳಿಯಬೇಕು. ಗ್ರಂಥಸಂಪಾದನೆಯ ಕಷ್ಟ ಪಂಪ ರನ್ನರ ಪ್ರತಿಗಳಿಗೆ ಮಾತ್ರ ಮೀಸಲಲ್ಲವೆಂದು ಅಂದು ನನಗೆ ಮನವರಿಕೆಯಾಯಿತು.

ಈ ಪುಸ್ತಕ ಅಂಗಡಿಯಿಂದ ಹೊರಟಿತೆಂಬುದನ್ನು ಮರೆಯಬಾರದು. ಮಾದರಿ ಕೊಟ್ಟರೆ ನೂಲು ಮಾರಾಟವಾಗುತ್ತದೆ. ನೂಲಿನ ಕಂಪನಿಗಳು ಮಾದರಿಗಳನ್ನು ಅಚ್ಚುಹಾಕಿಸುವ ರೂಢಿ ಇಂದಿಗೂ ಇದೆ. ನಮ್ಮ ತಾಯಿಯ ಟ್ರಂಕಿಗೂ ಇದಕ್ಕೂ ನೇರವಾದ ಸಂಬಂಧವುಂಟು. ಹತ್ತು ಉಂಡೆ ಬೇಕೆಂದು ಪುಸ್ತಕ ಹೇಳಿದರೆ ಬಲ್ಲವರು ಹನ್ನೊಂದು ಕೊಳ್ಳುತ್ತಾರೆ. ಏಕೆಂದರೆ ಒಂದೇ ಬಣ್ಣವೆಂದು ಹೆಸರಿದ್ದರೂ ಬೇರೆ ಬೇರೆ ಸಲ ಬಣ್ಣಕ್ಕೆ ಅದ್ದಿದ ನೂಲು ತುಸು ಬೇರೆಯಾಗಿ ಕಾಣುತ್ತದೆ. ತೋಳು ಹೆಣೆಯುವಾಗ ಒಂದು ಉಂಡೆ ಕಡಮೆಬಿದ್ದು ಪೇಟೆಗೆ ಓಡಿದರೆ ಅದೇ ಬಣ್ಣ ಮತ್ತೆ ಸಿಕ್ಕೀತೆಂಬ ಭರವಸೆಯಿಲ್ಲ. ಹೀಗೆ ಪ್ರತಿ ಸ್ವೆಟರಿಗೂ ಒಂದೊಂದು ಉಳಿಯುತ್ತ ಬಂದು, ಕಡೆಗೆ 62 ಆಗುತ್ತದೆ. ಇದು ದುರಾಸೆಯಲ್ಲ, ಮುಂದಾಲೋಚನೆ ಎಂದು ನಾನೀಗ ಒಪ್ಪಿಕೊಂಡಿದ್ದೇನೆ.

ಆದರೆ ಹೆಚ್ಚು ಬಲ್ಲವರ ಬಳಿ ಪುಸ್ತಕವೂ ಇರಲಿಲ್ಲ, ಟ್ರಂಕೂ ಇರಲಿಲ್ಲ. ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಹೆಂಗಸರು ಜೇಡರ ಬಲೆಯಂಥ ಶಾಲುಗಳನ್ನು ಹೆಣೆಯುತ್ತಿದ್ದರು. ಮೈತುಂಬ ಹೊದೆಯುವ ಶಾಲು, ಮದುವೆಯುಂಗುರದೊಳಗೆ ತೂರಿಸಿದರೆ ಸಲೀಸಾಗಿ ಹಾದುಹೋಗುವಷ್ಟು ನಯ. ತಾಯಿಯಿಂದ ಮಗಳಿಗೆ ಬಂದ ಆ ವಿದ್ಯೆಗೆ ಕಾಗದದ ಹಂಗಿರಲಿಲ್ಲ. 1872ರಲ್ಲಿ ಸರ್ಕಾರವು ಅಲ್ಲಿಯ ಕೂಲಿಪದ್ಧತಿಯ ವಿಚಾರಣೆ ನಡೆಸಿದಾಗ ಹೆಣಿಗೆಯ ಹೆಂಗಸರೂ ಸಾಕ್ಷಿ ಹೇಳಿದರು. ಶಾಲನ್ನು ಕೊಳ್ಳುವ ವ್ಯಾಪಾರಿಯು ಹಣ ಕೊಡುವುದು ಅಪರೂಪ. ಅದರ ಬದಲು ತನ್ನ ಅಂಗಡಿಯ ಚಹಾ, ಬಟ್ಟೆ ಕೊಡುತ್ತಿದ್ದ. ಹಲವರು ಹೆಣೆಯುವ ನೂಲೂ ಅವನದೇ. ಮಾದರಿ ಬರೆದಿಡದ ಆ ಹೆಂಗಸರ ಮಾತು ಹೀಗೆ ಸರ್ಕಾರದ ವರದಿಯಲ್ಲಿ ಉಳಿಯಿತು.

ನೂಲು ಕೂಡಿಟ್ಟವರ ಬೆಲೆ ತಿಳಿದುದು ಎರಡನೆಯ ಮಹಾಯುದ್ಧದಲ್ಲಿ. ಬ್ರಿಟನ್ನಿನಲ್ಲಿ 1941ರ ಜೂನ್ ತಿಂಗಳಿಂದ 1949ರವರೆಗೆ ಬಟ್ಟೆಗೆ ಪಡಿತರವಿದ್ದಿತು. ಹೆಣಿಗೆಯ ಉಣ್ಣೆಗೂ ಕೂಪನ್ನು ಕೊಡಬೇಕಾಗಿತ್ತು. 1943ರಲ್ಲಿ ಸರ್ಕಾರವೇ ‘ಮೇಕ್ ಡೂ ಅಂಡ್ ಮೆಂಡ್’ ಎಂಬ ಕಿರುಪುಸ್ತಕವನ್ನು ಹೊರಡಿಸಿ, ಇದ್ದುದರಲ್ಲೇ ಹೊಂದಿಸಿಕೊಳ್ಳಿರೆಂದು ಬೋಧಿಸಿತು. ಮನೆಮನೆಯಲ್ಲಿ ಹಳೆಯ ಸ್ವೆಟರುಗಳನ್ನು ಬಿಚ್ಚಿ, ನೂಲನ್ನು ತೊಳೆದು, ಹೊಸದಾಗಿ ಹೆಣೆದರು. ಅಪ್ಪನ ಸ್ವೆಟರು ಮಕ್ಕಳ ಕಾಲುಚೀಲವಾಯಿತು.

ಯುದ್ಧ ಮುಗಿದು ಪುಸ್ತಕಗಳು ರಾಶಿಬಿದ್ದ ಮೇಲೆ, ಪುಸ್ತಕವನ್ನು ಕುರುಡಾಗಿ ನಂಬಬೇಡಿರೆಂದು ಹೇಳಿದವರೂ ಬಂದರು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಎಲಿಜಬೆತ್ ಜಿಮ್ಮರ್‌ಮನ್ ಎಂಬಾಕೆ 1971ರಲ್ಲಿ ‘ನಿಟಿಂಗ್ ವಿದೌಟ್ ಟಿಯರ್ಸ್’ ಬರೆದಳು. ನಿನ್ನ ಕೈಗೆ ಅಂಗುಲಕ್ಕೆ ಎಷ್ಟು ಕುಣಿಕೆ ಬರುತ್ತದೆಂದು ಅಳೆ, ತೊಡುವವನ ಮೈಸುತ್ತಳತೆ ಹಿಡಿ, ಮಿಕ್ಕುದನ್ನು ಲೆಕ್ಕ ಹಾಕಿಕೊ ಎಂಬುದು ಅವಳ ಸೂತ್ರ. ಈ ಕಲೆಯ ಪ್ರಸಿದ್ಧ ಇತಿಹಾಸವನ್ನು 1987ರಲ್ಲಿ ಬರೆದವನು ಲೆಸ್ಟರ್ ನಗರದ ಬಿಷಪ್ಪನಾಗಿದ್ದ ರಿಚರ್ಡ್ ರಟ್. ಕೊರಿಯಾ ದೇಶದ ಸಾಹಿತ್ಯದಲ್ಲಿಯೂ ವಿದ್ವಾಂಸ. ಬಿಷಪ್ಪನೇ ಹೆಣಿಗೆಯ ಬೆನ್ನು ಹತ್ತಿರುವಾಗ ಕನ್ನಡ ಮೇಷ್ಟರಿಗೆ ನಾಚಿಕೆ ಏತಕ್ಕೆ?

ಇಷ್ಟೆಲ್ಲ ಓದಿಕೊಂಡು, ಡಿಸೆಂಬರಿನ ಒಂದು ಭಾನುವಾರ ನಾನು ಮತ್ತೆ ತಾಯಿಯ ಪುಸ್ತಕವನ್ನು ತೆರೆದೆ. ಈ ಸಲ ಕಣ್ಣಿಗೆ ಬಿದ್ದುದು ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆದಿದ್ದ ಕನ್ನಡ. ಗಂಡಸರ ಸ್ವೆಟರಿನ ಪುಟದಲ್ಲಿ ಹೀಗಿತ್ತು: “ಅವರಿಗೆ. ಎದೆಗೆ 8 ಹೆಚ್ಚು. ಉಬ್ಬಸ.” ತಂದೆಯವರಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತಿದ್ದಿತು, ಎದೆ ಬಿಗಿಯುವ ಬಟ್ಟೆಯನ್ನು ಅವರು ಸಹಿಸುತ್ತಿರಲಿಲ್ಲ. ಅದಕ್ಕೆಂದು ಎಂಟು ಕುಣಿಕೆ ಹೆಚ್ಚು. ಅದರ ಕೆಳಗೆ, “ಬಲತೋಳು 42 ಸಾಲು ಆಯಿತು.” ಅಲ್ಲಿಗೆ ನಿಂತಿತ್ತು.

ನಾನು ಪುಸ್ತಕ ಹಿಡಿದು ಒಳಗೆ ಹೋದರೆ, ತಾಯಿಯವರು ಆ ಬೂದು ಸ್ವೆಟರನ್ನು ತೊಡೆಯ ಮೇಲೆ ಹಾಕಿಕೊಂಡು ಬಿಚ್ಚುತ್ತಿದ್ದರು. ಸಾಲು ಸಾಲಾಗಿ ಕುಣಿಕೆಗಳು ಜಾರುತ್ತಿದ್ದವು. ನನಗೆ ಎದೆ ಧಸಕ್ಕೆಂದಿತು.

“ಅಮ್ಮಾ, ಅದನ್ನು ಯಾಕೆ ಬಿಚ್ಚುತ್ತೀಯ? ಹಾಗೇ ಇಡಬಾರದಿತ್ತೆ? ಟ್ರಂಕಿನಲ್ಲಿ ಬೇಕಾದಷ್ಟು ನೂಲಿದೆಯಲ್ಲ!”

“ಇದೂ ನೂಲೇ ಅಲ್ಲವೇನೋ? ಇಟ್ಟರೆ ನುಸಿ ತಿನ್ನುತ್ತೆ. ಪುಟ್ಟನಿಗೆ ಬೆಳಗ್ಗೆ ಶಾಲೆಗೆ ಹೋಗೋವಾಗ ಚಳಿ. ಬಾ ಇಲ್ಲಿ, ಕೈ ಚಾಚು.”

ಚಾಚಿದೆ. ಹನ್ನೊಂದು ವರ್ಷ ಕುಣಿಕೆಯಾಗಿಯೇ ಇದ್ದ ನೂಲು ಗುಂಗುರುಕೂದಲಿನಂತೆ ಸುರುಳಿಗಟ್ಟಿತ್ತು. ನನ್ನ ಎರಡು ಕೈಗಳ ಸುತ್ತ ಅದನ್ನು ಲಡಿ ಸುತ್ತಿದರು. ಆಮೇಲೆ ಬೆಚ್ಚನೆಯ ನೀರಿನಲ್ಲಿ ಅದ್ದಿ, ಭಾರ ಕಟ್ಟಿ ಹಗ್ಗದ ಮೇಲೆ ಇಳಿಬಿಟ್ಟರು. ಎರಡು ದಿನಕ್ಕೆ ಸುರುಳಿ ಬಿಟ್ಟು ನೆಟ್ಟಗಾಯಿತು.

ಸಂಕ್ರಾಂತಿಯ ಹೊತ್ತಿಗೆ ನನ್ನ ಮಗನ ಸ್ವೆಟರು ಸಿದ್ಧವಾಯಿತು. ಹಸ್ತಪ್ರತಿಯೊಂದು ಕೈತಪ್ಪಿಹೋದವನಂತೆ ನಾನು ಕೆಲವು ದಿನ ಮುಖ ಬಿಗಿದುಕೊಂಡಿದ್ದುದು ನಿಜ. ಅವನದನ್ನು ಹಾಕಿಕೊಂಡು ಶಾಲೆಗೆ ಓಡಿದ ದಿನ ಮತ್ತೆ ಪುಸ್ತಕ ತೆರೆದು ನೋಡಿದೆ. ಹುಡುಗರ ಸ್ವೆಟರಿನ ಪುಟದ ಅಂಚಿನಲ್ಲಿ ಹೊಸದೊಂದು ಬರಹವಿತ್ತು. ಅಕ್ಷರ ಸ್ವಲ್ಪ ನಡುಗಿತ್ತು.

“ಪುಟ್ಟನಿಗೆ. 8 ಬೇಡ.”